ಮುಂಚೆಯೇ ಹಚ್ಚಿದ ಕೆಂಪು ಗಸಿ

ಒಲೆದೇವರು ಗೊರಕೆ ಹೊಡೆಯುತ್ತಿದ್ದ.

ಮೊಣಕೈವರೆಗೆ ಬೂದಿಯಲ್ಲಿ ಕೈ ಹುದುಗಿಸಿ ಕೂತಿದ್ದ ಲುವೋ ಹುಯಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಜಿಯಾನ್‌ಆನ್ ಪಟ್ಟಣದ ಅರ್ಧದಷ್ಟು ಒಲೆಗಳ ಬೂದಿ ನಾಲಿಗೆಗಿಟ್ಟು ದೇವರ ಮಾತು ಕೇಳಿದವಳು ಅವಳು. ಬೈಯುವ ದೇವರನ್ನು ಕೇಳಿದ್ದಳು, ಅಳುವ ದೇವರನ್ನು ಕೇಳಿದ್ದಳು, ಈ ಮನೆಯ ಸಾರಿಗೆ ಉಪ್ಪು ಸಾಲದೆಂದು ಗೊಣಗುವ ದೇವರನ್ನೂ ಕೇಳಿದ್ದಳು. ಗೊರಕೆ ಇದೇ ಮೊದಲು.

"ಏನಂತಾನೆ ಅಕ್ಕಾ?" ಪಕ್ಕದಲ್ಲಿ ದೀಪ ಹಿಡಿದು ಬಗ್ಗಿದ್ದ ದಫೇದಾರ ತಿಯೆನ್ ಪಿಸುಗುಟ್ಟಿದ. ಚಳಿಗೆ ಒಡೆದ ಬೆರಳುಗಳಿಗೆ ಅವನು ಹಚ್ಚಿಕೊಂಡಿದ್ದ ಕರ್ಪೂರದೆಣ್ಣೆ ಘಮ್ಮೆಂದಿತು.

"ಮಲಗಿದ್ದಾನೆ."

"ಮಲಗೋದಾ? ಇವತ್ತು ಸಾಯಂಕಾಲ ಪ್ರಯಾಣ ಇಟ್ಕೊಂಡು?"

ಹುಯಿ ಇನ್ನೊಂದು ಚಿಟಿಕೆ ಬೂದಿ ನಾಲಿಗೆಗಿಟ್ಟಳು. ಗಂಟಲು ಒಣಗಿ ಕೆಮ್ಮು ಒತ್ತರಿಸಿ ಬಂತು. ಏಳಪ್ಪಾ, ಎಂದು ಮನಸ್ಸಿನಲ್ಲೇ ಗೋಗರೆದಳು. ನನ್ನ ತಂಗಿ ಸಾಯ್ತಾಳೆ, ಎದ್ದೇಳು.

ನಾಳೆ ಬೆಳಿಗ್ಗೆ ಸಂತೆ ಬಯಲಲ್ಲಿ ಅವಳ ತಂಗಿ ವಾನ್ಯಿಯ ತಲೆ ತೆಗೆಯುವವರಿದ್ದರು. ಮಾವ ಹಿರಿಯ ಫಾಂಗ್‌ನ ಶುಂಠಿ ಗಂಜಿಗೆ ವತ್ಸನಾಭಿ ಬೆರೆಸಿ ಕೊಂದಳೆಂಬುದು ಆರೋಪ. ಬೆರಳು ಹಿಂಡುವ ಕೋಲುಗಳ ನಡುವೆ ವಾನ್ಯಿ ಅದನ್ನು ಒಪ್ಪಿಯೂ ಆಗಿತ್ತು. ನಾಡಿದ್ದು ವಸಂತ ಕಾಲಿಡುತ್ತದೆ. ವಸಂತ ಬಂದ ಮೇಲೆ ಯಾರ ತಲೆಯನ್ನೂ ತೆಗೆಯುವಂತಿಲ್ಲ, ಮತ್ತೆ ಶರತ್ಕಾಲದವರೆಗೆ ಕಾಯಬೇಕು. ಅದಕ್ಕೇ ಕಚೇರಿಗೆ ಇಷ್ಟು ಅವಸರ.

ದೇವರಿಗೂ ಅವಸರವೇ. ಇವತ್ತು ಕತ್ತಲಾಗುತ್ತಲೇ ಊರಿನ ಒಲೆದೇವರೆಲ್ಲ ವರ್ಷದ ವರದಿ ಒಪ್ಪಿಸಲು ಸ್ವರ್ಗಕ್ಕೆ ಹೊರಡುತ್ತಾರೆ. ಹೊರಡುವ ಮುಂಚೆ ಪ್ರತಿ ಮನೆಯ ಯಜಮಾನ ಒಲೆಬಾಯಿಗೆ ಅಕ್ಕಿ ಹೆಂಡದ ಕೆಂಪು ಗಸಿ ಹಚ್ಚುತ್ತಾನೆ. ದೇವರಿಗೆ ಅಮಲೇರಿ, ಮನೆಯವರ ತಪ್ಪುಗಳನ್ನೆಲ್ಲ ಮರೆತು, ಮೇಲೆ ಹೋಗಿ ನಾಲ್ಕು ಒಳ್ಳೆಯ ಮಾತಾಡಲಿ ಎಂದು. ಆಮೇಲೆ ಹೊಸ ವರ್ಷದ ಹಿಂದಿನ ದಿನದವರೆಗೆ ಒಲೆ ಬರಿದು. ಅಷ್ಟರಲ್ಲಿ ವಾನ್ಯಿಯ ಸಮಾಧಿಯ ಮಣ್ಣೂ ಒಣಗಿರುತ್ತದೆ.

ನ್ಯಾಯಾಧಿಕಾರಿ ಒಂದೇ ಒಂದು ಮಾತು ಕೊಟ್ಟಿದ್ದ. "ಸಂಜೆಯ ಡೋಲು ನಿಲ್ಲೋದರೊಳಗೆ ದೇವರ ಸಾಕ್ಷಿ ತಾ, ತಡೆಹಿಡೀತೀನಿ. ಆದರೆ ತಂಗಿ ಪರ ಅಕ್ಕ ಹೇಳೋ ಮಾತು ನನಗೆ ಬೇಡ. ಕಚೇರಿಯ ಗಂಡಸು ಜೊತೆಗಿದ್ದು, ಬೂದಿಯಲ್ಲಿ ಕೆಂಡ ಕಣ್ಣು ಬಿಟ್ಟಿದ್ದನ್ನ ನೋಡಿ, ಬಂದು ಹೇಳಬೇಕು."

ದೇವರು ಮಾತಾಡುವಾಗ ಆರಿದ ಬೂದಿಯೊಳಗೆ ಕೆಂಡವೊಂದು ಮಿನುಗುತ್ತದೆ. ಮಾತು ಕೇಳುವುದು ಹುಯಿಗೊಬ್ಬಳಿಗೇ, ಕೆಂಡ ಮಾತ್ರ ಎಲ್ಲರಿಗೂ ಕಾಣುತ್ತದೆ. ತಿಯೆನ್ ಅವಳ ಜೊತೆ ಊರೂರು ತಿರುಗಿ ಅದನ್ನು ನೋಡಿದವನು, ನೋಡಿ ನೋಡಿ ನಂಬಿದವನು. ಈ ಕೆಲಸಕ್ಕೆ ತಾನಾಗಿಯೇ ಮುಂದೆ ಬಂದವನೂ ಅವನೇ.

ಬೂದಿಯ ಆಳದಲ್ಲಿ ಕೆಂಪಗೆ ಏನೋ ಮಿನುಗಿತು.

"ಅಕ್ಕಾ, ಕೆಂಡ!"

ಹುಯಿ ಒಲೆಬಾಯಿಗೆ ಬಗ್ಗಿ ಕೇಳಿದಳು. ಒಂದು ಒಲೆಗೆ ವರ್ಷಕ್ಕೆ ಒಂದೇ ಪ್ರಶ್ನೆ. ತಪ್ಪಿದರೆ ತಪ್ಪಿತು.

"ನಿನ್ನ ಯಜಮಾನನ ಶುಂಠಿಗೆ ವಿಷ ಬೆರೆಸಿದ ಕೈ ಯಾರದು?"

"ಕೈ..." ದೇವರ ದನಿ ಜಾತ್ರೆ ಮುಗಿಸಿ ಬಂದ ಕುಡುಕನ ದನಿಯಂತೆ ತೊದಲಿತು. "ತಣ್ಣಗಿನ ಕೈ... ಅಬ್ಬಾ, ಏನು ತಣ್ಣಗಿತ್ತು..." ಒಂದು ತೇಗು. ಮತ್ತೆ ಗೊರಕೆ. ಕೆಂಡ ಆರಿತು.

ಅಷ್ಟೇ. ಈ ಒಲೆಯ ಪ್ರಶ್ನೆ ಮುಗಿಯಿತು. ಹುಯಿ ಬೂದಿಯಿಂದ ಕೈ ತೆಗೆದು ಅಲ್ಲೇ ನೆಲದ ಮೇಲೆ ಕುಸಿದಳು. ಅವಳಿಗೆ ಕೂಗಿ ಅಳಬೇಕೆನ್ನಿಸಿತು.

"ತಣ್ಣಗಿನ ಕೈಯಂತೆ," ಎಂದಳು.

"ಈ ಚಳಿಯಲ್ಲಿ ಯಾರ ಕೈ ಬೆಚ್ಚಗಿರುತ್ತೆ ಅಕ್ಕಾ?" ತಿಯೆನ್ ನಿಟ್ಟುಸಿರಿಟ್ಟ. "ಇದನ್ನ ತಗೊಂಡು ಹೋದರೆ ಸಾಹೇಬರು ನಗ್ತಾರೆ."

ಪಕ್ಕದ ಕೋಣೆಯ ಬಿದಿರು ಪರದೆಯ ಹಿಂದಿನಿಂದ ಆಗಲೇ ಒಬ್ಬರು ನಕ್ಕರು. ಸತ್ತವನ ಹೆಂಡತಿ, ಫಾಂಗ್ ಮನೆಯ ಯಜಮಾನಿ.

"ಮುಗೀತೇನಮ್ಮಾ ನಿನ್ನ ನಾಟಕ? ಇವತ್ತಿನ ದಿನ ಹೆಂಗಸು ಒಲೆ ಹತ್ರ ಸುಳೀಬಾರದು ಅಂತ ಹಾಲುಗಲ್ಲದ ಹುಡುಗಿಗೂ ಗೊತ್ತು. ತಂಗಿ ನನ್ನ ಗಂಡನ್ನ ತಿಂದಳು, ಅಕ್ಕ ನನ್ನ ಒಲೆ ಮೈಲಿಗೆ ಮಾಡೋಕೆ ಬಂದಳು. ಎಂಥಾ ಬೀಗತನ ಮಾಡಿದೆವಪ್ಪಾ!"

ಕುಸಿದು ಕೂತಿದ್ದರಿಂದ ಹುಯಿಯ ಕಣ್ಣು ಈಗ ಒಲೆಬಾಯಿಯ ಕೆಳಗಂಚಿಗೆ ಸಮವಾಗಿತ್ತು. ನಿಂತು ಅಡುಗೆ ಮಾಡುವವರಿಗೆ ಆ ಜಾಗ ಎಂದೂ ಕಾಣುವುದಿಲ್ಲ.

"ತಿಯೆನ್, ದೀಪ ಕೆಳಗೆ ಹಿಡಿ."

"ಏನಿದೆ?"

"ಹಿಡಿ ಅಂದೆನಲ್ಲ."

ಬೂದಿ ಎಳೆದು ತೆಗೆಯುವ ಕೆಳಗಂಚಿನ ಉದ್ದಕ್ಕೂ ಗಂಜಿ ಉಕ್ಕಿ ಹರಿದು ಒಣಗಿದ ಬಿಳಿ ಹಕ್ಕಳೆ. ಹುಯಿ ತಲೆಯ ಸೂಜಿ ಕಿತ್ತು ಅದನ್ನು ಕೆರೆದಳು. ಹಕ್ಕಳೆಯ ಅಡಿಯಲ್ಲಿ ಕೆಂಪು ಕಂಡಿತು. ಕಲ್ಲಾಗಿ ಒಣಗಿದ ಗಸಿ, ಹಿಡಿಗಟ್ಟಲೆ ಮೆತ್ತಿದ್ದು.

ಈ ಮನೆಯಲ್ಲಿ ಇವತ್ತಿನ ಗಸಿ ಇನ್ನೂ ಹಚ್ಚಿರಲಿಲ್ಲ. ಯಜಮಾನ ಸತ್ತ ದಿನದಿಂದ ಅಡುಗೆಮನೆಗೆ ಕಚೇರಿಯ ಬೀಗ. ಹಾಗಾದರೆ ಇದು ಅದಕ್ಕೂ ಮುಂಚಿನದು.

"ಅಮ್ಮಾ," ಪರದೆಯ ಕಡೆ ತಿರುಗಿ ಕೇಳಿದಳು, "ಯಜಮಾನರು ಹೋದ ದಿನ ಬೆಳಿಗ್ಗೆ ಗಂಜಿ ಉಕ್ಕಿ ಚೆಲ್ಲಿತ್ತಾ?"

"ಚೆಲ್ಲದೆ? ನಿನ್ನ ತಂಗಿಗೆ ಒಲೆ ಮುಂದೆ ನಿಲ್ಲೋ ವ್ಯವಧಾನ ಎಲ್ಲಿತ್ತು? ಬಾವಿ ಕಟ್ಟೆಗೆ ಹೋಗಿದ್ದಳು. ಅಪಶಕುನ ಅಂತ ಆಗಲೇ ಹೇಳಿದೆ ನಾನು."

"ಅದರ ಹಿಂದಿನ ದಿನ ಅಡುಗೆಮನೆಗೆ ಯಾರು ಬಂದಿದ್ದರು?"

"ಯಾರು ಬರ್ತಾರೆ? ಬೆಂಕಿ ತಪಾಸಣೆಯವರು ಬೀದಿ ಉದ್ದಕ್ಕೂ ಹೊಗೆಗೂಡು ನೋಡ್ತಾ ಬಂದರು, ನಮ್ಮದನ್ನೂ ನೋಡಿ ಹೋದರು. ಗಂಡಸರು ಬಂದರು ಅಂತ ನಾವೆಲ್ಲ ಒಳಗಿದ್ದೆವು. ಆಮೇಲೆ ಬೆಟ್ಟದ ಮಠದ ಒಬ್ಬ ಭಿಕ್ಷು ಹಿತ್ತಲ ಬಾಗಿಲಿಗೆ ಬಂದು ಅನ್ನ ಹಾಕಿಸ್ಕೊಂಡ."

"ಭಿಕ್ಷು!" ತಿಯೆನ್ ಚಟಕ್ಕನೆ ತಲೆಯೆತ್ತಿದ. "ಬರಿಗೈ, ಬರಿಗಾಲು. ತಣ್ಣಗಿನ ಕೈ ಅಂದರೆ ಇನ್ನೇನು ಅಕ್ಕಾ? ನಡೀರಿ, ಮಠಕ್ಕೆ ಹೋಗೋಣ. ಕುದುರೆ ತರಿಸ್ತೀನಿ."

ಹುಯಿ ಮೇಲೇಳುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ವಾನ್ಯಿಯ ಗಂಡ ಫಾಂಗ್ ಲೆಯಿ ಬಿಳಿಯ ಶೋಕದ ಬಟ್ಟೆಯಲ್ಲಿ ನಿಂತಿದ್ದ. ತೋಳಲ್ಲಿ ಗಸಿಯ ಜಾಡಿ. ಈ ವರ್ಷ ಮನೆಯ ಯಜಮಾನ ಅವನೇ ತಾನೇ.

"ಅತ್ತಿಗೆ, ಹೊತ್ತಾಗ್ತಾ ಇದೆ. ನಾನು ಹಚ್ಚಬೇಕು. ನಿಮ್ಮ ಬೂದಿ ಏನಾದರೂ ಮಾತಾಡಿತಾ?" ಆ ಮಾತಿನಲ್ಲಿ ಕುಹಕವಿತ್ತು. ಆದರೆ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಇಲ್ಲಿ ಬಾ. ಇದೇನು ಹೇಳು."

ಲೆಯಿ ಬಗ್ಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. "ಗಸಿ."

"ಗಂಜಿಯ ಕೆಳಗಿದೆ. ಅಂದರೆ ಗಂಜಿ ಉಕ್ಕೋದಕ್ಕೆ ಮುಂಚೆ ಹಚ್ಚಿದ್ದು. ನಿಮ್ಮಪ್ಪನ್ನ ಕೊಲ್ಲೋನು ಮೊದಲು ಒಲೆದೇವರಿಗೆ ಕುಡಿಸಿದ, ಆಮೇಲೆ ಶುಂಠಿ ಡಬ್ಬಿಗೆ ಕೈ ಹಾಕಿದ. ದೇವರು ನೋಡಬಾರದು, ನೋಡಿದರೂ ನನಗೆ ಹೇಳಬಾರದು ಅಂತ. ಗಸಿ ಹಚ್ಚೋನು ಮನೆ ಗಂಡಸು. ಈ ಮನೇಲಿ ಉಳಿದಿರೋ ಗಂಡಸು ನೀನೊಬ್ಬನೇ."

"ಏನಂದೆ?" ಪರದೆ ಸರಕ್ಕನೆ ಅಲ್ಲಾಡಿತು. "ನನ್ನ ಮಗನ ಮೇಲೆ ಬೊಟ್ಟು ಮಾಡ್ತೀಯೇನೇ? ದಫೇದಾರರೇ, ಎಳೆದು ಹೊರಗೆ ಹಾಕಿ ಇವಳನ್ನ!"

"ಅಮ್ಮಾ, ಸುಮ್ಮನಿರು." ಲೆಯಿ ಜಾಡಿಯನ್ನು ಮುಂದೆ ಚಾಚಿದ. "ಬೂದಿ ಮಾತಾಡುತ್ತೆ ಅಂತ ನಾನು ಯಾವತ್ತೂ ನಂಬಿದವನಲ್ಲ ಅತ್ತಿಗೆ. ಇವತ್ತೂ ನಂಬಲ್ಲ. ನಂಬದೇ ಇರೋನು ಯಾಕೆ ದೇವರಿಗೆ ಕುಡಿಸ್ತಾನೆ? ಈ ಜಾಡಿ ನೋಡಿ. ಮಣ್ಣಿನ ಮುದ್ರೆ ಅಪ್ಪಂದು. ಅವರ ಹೆಬ್ಬೆರಳು ಹಾಗೇ ಇದೆ."

ಮುದ್ರೆ ಒಡೆದಿರಲಿಲ್ಲ. ಸತ್ತವನ ಹೆಬ್ಬೆರಳಿನ ಗೆರೆಗಳು ಒಣಮಣ್ಣಿನಲ್ಲಿ ಸ್ಪಷ್ಟವಾಗಿದ್ದವು. ಲೆಯಿ ಅದನ್ನು ತೋರಿಸುವಾಗ ಆ ಗುರುತಿಗೆ ತನ್ನ ಬೆರಳು ತಾಗದಂತೆ ಹಿಡಿದುಕೊಂಡಿದ್ದ.

ಹುಯಿ ಜಗ್ಗಲಿಲ್ಲ. "ಹಚ್ಚು."

"ಏನು?"

"ಇವತ್ತಿನ ಗಸಿ. ನನ್ನ ಕಣ್ಣ ಮುಂದೆ ಹಚ್ಚು."

ಲೆಯಿ ಮುದ್ರೆ ಒಡೆದ. ಬೆರಳ ತುದಿಯಲ್ಲಿ ಚೂರೇ ಚೂರು ಗಸಿ ತೆಗೆದು, ಒಲೆಬಾಯಿಯ ಮೇಲಂಚಿಗೆ ಎಡದಿಂದ ಬಲಕ್ಕೆ ತೆಳ್ಳಗೆ ಸವರಿದ. ಮಗುವಿನ ಹಣೆಗೆ ಬೊಟ್ಟಿಡುವಷ್ಟು ಮೆದುವಾಗಿ. ಅಪ್ಪನ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತು ಕಲಿತ ಕೈ ಅದು.

"ಕೆಳಗೆ ಹಚ್ಚಲಿಲ್ಲ?"

"ಕೆಳಗಾ? ಬೂದಿ ಎಳೆಯೋ ಜಾಗಕ್ಕಾ?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ದೇವರಿಗೆ ಯಾರಾದರೂ ಹೆಂಡಾನ ಕಾಲ ಕೆಳಗೆ ಸುರೀತಾರಾ? ಅದೂ ಇಷ್ಟೊಂದು? ಬೆರಳಷ್ಟಕ್ಕೇ ಒಂದು ರಾತ್ರಿ ಪೂರ್ತಿ ಅಮಲು. ಇದು ಯಾರೋ ಹಚ್ಚಿ ಗೊತ್ತಿಲ್ಲದವರ ಕೆಲಸ."

ತಿಯೆನ್ ದೀಪವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ.

ಹುಯಿಯ ಸಿಟ್ಟೆಲ್ಲ ಇಳಿದುಹೋಯಿತು. ಇವನಲ್ಲ. ಇವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! "ಹಾಗಿದ್ದರೆ ಬಾ," ಎಂದು ಅವನ ತೋಳು ಹಿಡಿದಳು. "ಇದೇ ಮಾತನ್ನ ಕಚೇರೀಲಿ ಹೇಳು. ಲೆಯಿ, ಅವಳು ನಿನ್ನ ಹೆಂಡತಿ. ನಿನ್ನ ಬಟ್ಟೆ ಹೊಲಿದವಳು."

"ಹೇಳಿ?" ಅವನು ತೋಳು ಬಿಡಿಸಿಕೊಳ್ಳಲಿಲ್ಲ, ಆದರೆ ಮುಖ ತಿರುಗಿಸಿದ. "ಹಚ್ಚಿ ಗೊತ್ತಿಲ್ಲದವರು ಅಂದರೆ ಯಾರು ಅತ್ತಿಗೆ? ಈ ದಿನ ಒಲೆ ಹತ್ರ ಬಿಟ್ಟುಕೊಳ್ಳದೇ ಇರೋದು ಯಾರನ್ನ? ಹೆಂಗಸರನ್ನ. ಬೂದಿ ಮಾತಾಡುತ್ತೆ ಅಂತ ಈ ಮನೇಲಿ ನಂಬಿದ್ದು ಯಾರು? ದಿನಾ ನಿಮ್ಮ ಹೆಸರು ಹೇಳಿ ಆ ಒಲೆಗೆ ಕೈ ಮುಗೀತಿದ್ದಳು ವಾನ್ಯಿ. ನಾನು ಬಾಯಿ ಬಿಟ್ಟರೆ ಅವಳ ಕುತ್ತಿಗೆಗೆ ಇನ್ನೊಂದು ಏಟು."

ಹುಯಿಯ ಕೈ ಸಡಿಲವಾಯಿತು.

"ಮೀನು ಮಾಡಿಸಿದೀನಿ," ಎಂದ ಲೆಯಿ, ನೆಲ ನೋಡುತ್ತಾ. "ಬೆಳ್ಳುಳ್ಳಿ ಹಾಕದೆ. ಅವಳಿಗೆ ಬೆಳ್ಳುಳ್ಳಿ ಆಗಲ್ಲ. ಬೆಳಿಗ್ಗೆ ಕಾವಲಿನವರು ಊಟ ಒಳಗೆ ಬಿಡ್ತಾರಂತೆ."

"ಊಟ ಕಳಿಸ್ತೀಯಾ," ಎಂದಳು ಹುಯಿ. "ಊಟ."

ಅವಳು ಮತ್ತೆ ಬಗ್ಗಿದಳು, ಅತ್ತದ್ದು ಕಾಣಬಾರದೆಂದು. ಬಗ್ಗಿದವಳು ಸೂಜಿಯ ತುದಿಯಲ್ಲಿದ್ದ ಹಳೆಯ ಗಸಿಯ ಚೂರನ್ನು ಮೂಗಿನ ಬಳಿ ಹಿಡಿದಳು. ಹುಳಿ ಅಕ್ಕಿ. ಹೊಗೆ. ಕರ್ಪೂರ, ಅದು ಪಕ್ಕದಲ್ಲಿದ್ದ ತಿಯೆನ್‌ನ ಕೈಯದು. ಅದೆಲ್ಲದರ ಹಿಂದೆ ಇನ್ನೇನೋ ಇತ್ತು. ನಾಲಿಗೆಗಿಟ್ಟಳು.

ಕಹಿ. ಕಹಿಯ ಬಾಲಕ್ಕೆ ಒಂದು ಸಣ್ಣ ಸಿಹಿ. ಚಕ್ಕೋತದ ಸಿಪ್ಪೆ.

ಗಸಿಗೆ ಚಕ್ಕೋತದ ಒಣಸಿಪ್ಪೆ ಹಾಕುವ ಮನೆ ಜಿಯಾನ್‌ಆನ್‌ನಲ್ಲಿ ಒಂದೇ ಒಂದು. ಹುಯಿಯ ತಾಯಿ ಎಲ್ಲಿಂದಲೋ ಕಲಿತು ಬಂದಿದ್ದಳು. ಬೀದಿಯವರೆಲ್ಲ ಅದನ್ನು ಆಡಿಕೊಂಡು ನಗುತ್ತಿದ್ದರು. ತಾಯಿ ಹೋದ ಮೇಲೂ ಹುಯಿ ಅದನ್ನು ಬಿಟ್ಟಿರಲಿಲ್ಲ.

ಈ ಗಸಿ ಅವಳ ಸ್ವಂತ ಮನೆಯ ಜಾಡಿಯದು.

*

ಬೀದಿಯಲ್ಲಿ ಸಂಭ್ರಮವೋ ಸಂಭ್ರಮ. ಬಾಗಿಲು ಬಾಗಿಲಲ್ಲಿ ದೇವರ ಪ್ರಯಾಣಕ್ಕೆ ಕಾಗದದ ಕುದುರೆಗಳು. ಹಸಿ ಬಿದಿರನ್ನು ಬೆಂಕಿಗೆ ಹಾಕಿ ಢಬ್ಬೆನ್ನಿಸುತ್ತಿದ್ದರು. ಬಿಸಿಲು ಸೂರುಗಳ ತುದಿಗೆ ಏರಿತ್ತು. ಹುಯಿ ಓಡುತ್ತಿದ್ದಳು. ಐವತ್ತು ದಾಟಿದ ಹೆಂಗಸು ಬೂದಿ ಬಳಿದ ಮುಖದಲ್ಲಿ ಓಡುವುದನ್ನು ಕಂಡು ಜನ ದಾರಿ ಬಿಟ್ಟರು.

"ಅಕ್ಕಾ, ಮಠ ಈ ಕಡೆ!" ತಿಯೆನ್ ಹಿಂದೆಯೇ ಬಂದ. "ಅಕ್ಕಾ, ನಿಲ್ಲಿ. ಮನೆಗೆ ಹೋಗಿ ಏನ್ ಮಾಡ್ತೀರಿ? ಇರೋ ಹೊತ್ತನ್ನ ಹಾಳು ಮಾಡಬೇಡಿ."

ಅವಳು ನಿಂತಳು. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿತು. ಊರಿನಲ್ಲಿ ಅವಳನ್ನು ಪೂರ್ತಿ ನಂಬಿದ ಗಂಡಸು ಇವನೊಬ್ಬ.

"ತಿಯೆನ್, ಇದು ನಿನ್ನ ಹೊಟ್ಟೇಲಿರಲಿ. ಆ ಗಸಿ ನಮ್ಮ ಮನೇದು."

ಅವನು ದಿಟ್ಟಿಸಿದ. "ನಿಮ್ಮ ಮನೇದು ಅಂದರೆ..."

"ವಾನ್ಯಿ ತಗೊಂಡು ಹೋಗಿರಬೇಕು. ಇನ್ಯಾರು? ಅವಳಿಗೆ ಹಚ್ಚೋದು ಗೊತ್ತಿಲ್ಲ. ಅವಳು ನನ್ನನ್ನ ನಂಬ್ತಾಳೆ. ಅವಳ ಕೈ..."

ವಾನ್ಯಿಯ ಕೈ ಹುಟ್ಟಿದಾಗಿನಿಂದ ತಣ್ಣಗೆ. ಚಳಿಗಾಲದಲ್ಲಿ ಹಿಂದಿನಿಂದ ಬಂದು ಅಕ್ಕನ ಕುತ್ತಿಗೆಗೆ ಎರಡೂ ಕೈ ಒತ್ತಿ ಕಿರುಚಿಸಿ ನಗುತ್ತಿದ್ದಳು. ಸೆರೆಮನೆಯ ಸರಳುಗಳ ನಡುವೆ ಮೊನ್ನೆ ಹಿಡಿದಾಗಲೂ ತಣ್ಣಗೇ ಇತ್ತು, ಊದಿಕೊಂಡು ನೀಲಿಗಟ್ಟಿದ್ದರೂ. ನಾನಲ್ಲ ಅಕ್ಕಾ, ಎಂದಿದ್ದಳು. ಹುಯಿ ಒಂದು ಕ್ಷಣವೂ ಅನುಮಾನಿಸದೆ ನಂಬಿದ್ದಳು. ಈಗ ಹುಯಿ ತಾನೇ ಹೆಕ್ಕಿದ ಸುಳಿವುಗಳು ಒಂದೊಂದಾಗಿ ವಾನ್ಯಿಯ ಕಡೆಗೇ ಬೆರಳು ತೋರಿಸುತ್ತಿದ್ದವು.

"ಹಾಗಿದ್ದರೆ ಬಿಟ್ಟುಬಿಡಿ ಅಕ್ಕಾ," ತಿಯೆನ್ ಮೆಲ್ಲಗೆ ಹೇಳಿದ. "ಮನೇಲಿ ಕೇಳೋದೂ ಬೇಡ. ದೇವರು ಅವಳ ಹೆಸರೇ ಹೇಳಿಬಿಟ್ಟರೆ? ಅದನ್ನ ಹೊತ್ಕೊಂಡು ಹೇಗೆ ಬದುಕ್ತೀರಿ? ಮಠಕ್ಕೆ ಹೋಗೋಣ. ಒಬ್ಬ ಭಿಕ್ಷೂನ ಹಿಡಿದು ಕೂರಿಸಿದರೆ ನಾಳೆ ಒಂದು ದಿನ ಕಳೆದರೂ ಕಳೀಬಹುದು."

ಎಂಥ ಆಸೆ ಹುಟ್ಟಿಸುವ ಮಾತು! ಹುಯಿಯ ಕಾಲು ಒಂದು ಗಳಿಗೆ ಮಠದ ದಾರಿಗೆ ಎಳೆಯಿತು ಕೂಡ.

ಅಷ್ಟರಲ್ಲಿ ತೋಫು ಅಂಗಡಿಯ ಮುದುಕ ಬಾಗಿಲಲ್ಲಿ ಬಿದಿರು ಸುಡುತ್ತಾ ಕೂಗಿದ: "ಏನ್ ದಫೇದಾರ್ರೇ, ಇವತ್ತೂ ಕೆಲಸಾನಾ? ನಿಮ್ಮ ಮನೇಲಿ ಒಲೆಪೂಜೆ ಇಲ್ವಾ?"

"ಒಲೆ ಇದ್ದರೆ ತಾನೇ ತಾತ ಪೂಜೆ? ಕಚೇರಿ ಅಡುಗೆಯವನು ಹಾಕಿದ್ದೇ ಅನ್ನ!"

"ಹೆಣ್ಣು ನೋಡ್ಲಾ?"

"ಮೊದಲು ನಿಮ್ಮ ಉದ್ರಿ ತೋಫು ತಿನ್ನೋದು ಬಿಡಿಸಿ!" ಇಬ್ಬರೂ ನಕ್ಕರು.

ಆ ನಗು ಕೇಳಿ ಹುಯಿಗೆ ಮೈಯೆಲ್ಲ ಉರಿಯಿತು. ಲೋಕಕ್ಕೆ ಇವತ್ತು ಹಬ್ಬ. ಅವಳು ಮಠದ ದಾರಿಗೆ ಬೆನ್ನು ಹಾಕಿ ತನ್ನ ಓಣಿಗೆ ತಿರುಗಿದಳು. ಒಂದು ಒಲೆ ಉಳಿದಿತ್ತು. ಅದರ ವರ್ಷದ ಪ್ರಶ್ನೆಯನ್ನು ಅವಳು ಇನ್ನೂ ಖರ್ಚು ಮಾಡಿರಲಿಲ್ಲ. ಸ್ವಂತ ಮನೆಯ ದೇವರನ್ನು ಯಾರು ತಾನೇ ಪ್ರಶ್ನಿಸುತ್ತಾರೆ? ಈ ಮನೆಯ ಗಸಿ ತೆಗೆದುಕೊಂಡು ಹೋದವರು ಯಾರು, ಎಂದು ಕೇಳುತ್ತಾಳೆ. ದೇವರು ವಾನ್ಯಿ ಎಂದರೆ, ತಂಗಿಯ ತಲೆಯನ್ನು ತಾನೇ ತೆಗೆದ ಹಾಗೆ. ಕೇಳದೇ ಇದ್ದರೆ ಹೇಗೂ ತೆಗೆಯುತ್ತಾರೆ.

*

ಅವಳ ತಂದೆ ಒಲೆಯ ಮುಂದೆ ನಿಂತಿದ್ದ. ಎಂಬತ್ತು ದಾಟಿದ ಮುದುಕ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದು. ಹಬ್ಬದ ಒಗೆದ ಅಂಗಿ ಹಾಕಿ, ಒಂದು ಕೈಯಲ್ಲಿ ಗಸಿಯ ಬಟ್ಟಲು ಹಿಡಿದು, ಇನ್ನೊಂದು ಕೈಯಿಂದ ಒಲೆಬಾಯಿಯ ಮೇಲಂಚನ್ನು ತಡವುತ್ತಿದ್ದ. ಚಿಕ್ಕ ಮಗಳಿಗೆ ನಾಳೆ ಏನಾಗಲಿದೆ ಎಂಬುದನ್ನು ಅವನ ಕಿವಿಗೆ ಯಾರೂ ಹಾಕಿರಲಿಲ್ಲ. ನೆಗಡಿಯಾಗಿ ಅತ್ತೆಯ ಮನೆಯಲ್ಲಿ ಮಲಗಿದ್ದಾಳೆಂದು ಹುಯಿ ಸುಳ್ಳು ಹೇಳಿಟ್ಟಿದ್ದಳು.

"ಅಪ್ಪಾ, ನಿಲ್ಲು! ಹಚ್ಚಬೇಡ!"

"ಹುಯಿನಾ? ನೀನ್ಯಾಕೆ ಒಳಗೆ ಬಂದೆ? ಹೋಗು ಹೋಗು, ಇದು ಗಂಡಸರ ಹೊತ್ತು."

"ಅಪ್ಪಾ, ನಿನ್ನ ದಮ್ಮಯ್ಯ. ಒಂದೇ ಒಂದು ಗಳಿಗೆ." ಅವಳು ಅವನ ಕೈ ಹಿಡಿದುಕೊಂಡಳು. ಗಸಿ ಇಬ್ಬರ ಬೆರಳಿಗೂ ಮೆತ್ತಿತು. ಬಾಗಿಲ ಕಡೆ ತಿರುಗಿ ಕೂಗಿದಳು, "ತಿಯೆನ್, ಬೇಗ ಬಾ!"

ತಿಯೆನ್ ಹೊಸಿಲಾಚೆ ನಿಂತಿದ್ದ. ಕೈಗಳನ್ನು ತೋಳಿನೊಳಗೆ ಹುದುಗಿಸಿಕೊಂಡಿದ್ದ. ಬೇಡ, ಇಲ್ಲೇ ಇರುತ್ತೇನೆ ಎಂಬಂತೆ ತಲೆಯಾಡಿಸಿದ.

"ಅಲ್ಲಿಂದ ಕೆಂಡ ಎಲ್ಲಿ ಕಾಣುತ್ತೆ? ನೀನು ನೋಡದೇ ಇದ್ದರೆ ನನ್ನ ಮಾತಿಗೆ ಬೆಲೆ ಇಲ್ಲ. ಬಾರೋ!"

ಅವನು ಒಳಗೆ ಬಂದ. ಒಂದು ಮಾತೂ ಆಡಲಿಲ್ಲ. ಇಷ್ಟು ಹೊತ್ತು ಬಾಯಿ ಮುಚ್ಚದವನು ಈಗ ಯಾಕೆ ಮೂಗನಾದನೆಂದು ಕೇಳಲು ಹುಯಿಗೆ ಪುರುಸೊತ್ತಿರಲಿಲ್ಲ. ಅವಳು ಆಗಲೇ ಮಂಡಿಯೂರಿ ಬೂದಿಯಲ್ಲಿ ಕೈ ಇಳಿಸಿದ್ದಳು. ದೂರದ ಕಚೇರಿಯಲ್ಲಿ ಸಂಜೆಯ ಡೋಲು ಶುರುವಾಯಿತು.

ಮುದುಕ ಗಾಳಿಯನ್ನು ಮೂಸಿದ. ಅವನ ಸುಕ್ಕು ಮುಖ ಅರಳಿತು.

"ಓಹೋ, ಕರ್ಪೂರದೆಣ್ಣೆ! ಅವತ್ತು ಬಂದಿದ್ದ ಹುಡುಗ ಅಲ್ವೇನಪ್ಪಾ ನೀನು? ಬಾ ಬಾ, ಕೂತ್ಕೋ. ಅಕ್ಕ ಕಳಿಸಿದ್ದಾಳೆ, ಒಂದು ಬಟ್ಟಲು ಗಸಿ ಕೊಡಿ ಅಂತ ತಗೊಂಡು ಹೋದೆಯಲ್ಲ. ಬಟ್ಟಲು ತಂದೆಯಾ? ಅದು ಇವಳಮ್ಮನದಪ್ಪಾ, ಅದಕ್ಕೇ ಕೇಳಿದೆ. ಬೇಜಾರು ಮಾಡ್ಕೋಬೇಡ."

ಹುಯಿಯ ಕೈ ಬೂದಿಯಲ್ಲಿ ಹೆಪ್ಪುಗಟ್ಟಿತು.

ಅವಳು ಯಾರನ್ನೂ ಕಳಿಸಿರಲಿಲ್ಲ.

ಒಲೆಯಿಲ್ಲದವನಿಗೆ ಗಸಿ ಎಲ್ಲಿಂದ ಬರಬೇಕು? ಕಚೇರಿಯ ಪಂಕ್ತಿಯಲ್ಲಿ ಉಣ್ಣುವವನಿಗೆ ಹಚ್ಚುವ ರೀತಿಯನ್ನು ಯಾರು ಹೇಳಿಕೊಟ್ಟಾರು? ದೇವರು ತಣ್ಣಗಿನ ಕೈ ಎಂದದ್ದು ಚಳಿಯನ್ನಲ್ಲವೆಂದು ಅವಳಿಗೆ ಈಗ ಹೊಳೆಯಿತು: ಸ್ವಂತ ಒಲೆಯ ಬೆಂಕಿ ಸೋಕದ ಕೈ ಅವನಿಗೆ ತಣ್ಣಗೆ. ಬೆಂಕಿ ತಪಾಸಣೆಯವರನ್ನು ಬೀದಿ ಬೀದಿಗೆ ಕರೆದೊಯ್ಯುವವನು ಕಚೇರಿಯ ದಫೇದಾರ. ಹಳೆಯ ಗಸಿಯೊಳಗಿನ ಕರ್ಪೂರ ಪಕ್ಕದಿಂದ ಬಂದದ್ದಲ್ಲ, ಗಸಿಯಿಂದಲೇ ಬಂದದ್ದು. ಬೂದಿಯ ಮಾತು ನಿಜವೆಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಯಾರೆಂದು ಅವಳು ಒಮ್ಮೆಯೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಅವಳು ನಿಧಾನವಾಗಿ ತಲೆಯೆತ್ತಿದಳು.

ತಿಯೆನ್ ಬಾಗಿಲು ಮುಚ್ಚಿ ಅಗಣಿ ಹಾಕುತ್ತಿದ್ದ. ತಿರುಗಿದಾಗ ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ದಣಿವಿತ್ತು.

"ಮಠಕ್ಕೆ ಹೋಗೋಣ ಅಂದೆ ಅಕ್ಕಾ," ಎಂದ. "ಎಷ್ಟು ಸಲ ಅಂದೆ."

"ಯಾಕೋ?" ಹುಯಿ ಕೇಳಿದಳು. "ಅವಳು ನಿನಗೇನು ಮಾಡಿದ್ದಳೋ? ಅಣ್ಣಾ ಅಂತ ಕರೀತಿದ್ದಳಲ್ಲೋ ನಿನ್ನ."

"ನನ್ನ ಲೆಕ್ಕ ಇದ್ದದ್ದು ಆ ಫಾಂಗ್ ಮುದುಕನ ಜೊತೆ. ಅವಳ ಮೇಲೆ ಬರುತ್ತೆ ಅಂತ ನನಗೂ ಗೊತ್ತಿರಲಿಲ್ಲ." ಅವನು ಬಂದು ಅವಳ ಪಕ್ಕದಲ್ಲಿ, ಎಂದಿನ ಜಾಗದಲ್ಲಿ, ಮಂಡಿಯೂರಿದ. ದೀಪವನ್ನು ಬೂದಿಯ ಹತ್ತಿರ ಹಿಡಿದ. "ಕೇಳಿ ಅಕ್ಕಾ. ಕೇಳಿ. ದೇವರು ನನ್ನ ಹೆಸರನ್ನ ಊರಿಗೆ ಕೇಳೋ ಹಾಗೆ ಕೂಗಲಿ. ಕೆಂಡ ಕಂಡಿತೋ ಇಲ್ಲವೋ ಅಂತ ಸಾಹೇಬರಿಗೆ ಹೇಳೋನು ನಾನೇ."

"ಏನಾಯ್ತು ಹುಯಿ?" ಮುದುಕ ಬಟ್ಟಲನ್ನು ಎದೆಗವಚಿಕೊಂಡು ಕತ್ತಲ ಕಡೆಗೆಲ್ಲ ಮುಖ ತಿರುಗಿಸಿದ. "ಯಾಕೆ ಬಾಗಿಲು ಹಾಕಿದಿರಿ? ವಾನ್ಯಿಗೆ ಏನಾದರೂ ಆಯ್ತಾ?"

ಡೋಲಿನ ಸದ್ದು ಚುರುಕಾಯಿತು. ಇನ್ನು ಸ್ವಲ್ಪದರಲ್ಲಿ ಅದು ನಿಲ್ಲುತ್ತದೆ. ಬೂದಿಯ ಆಳದಲ್ಲಿ, ಅವಳ ಬೆರಳುಗಳ ನಡುವೆ, ಅವಳ ತಾಯಿ ಮೂವತ್ತು ವರ್ಷ ಊದಿ ಉಳಿಸಿದ ಒಲೆಯ ದೇವರು ಕಣ್ಣು ಬಿಟ್ಟ. ಕೆಂಡ ಮಿನುಗಿತು. ಈ ದೇವರಿಗೆ ಅಮಲಿರಲಿಲ್ಲ.

"ಕೇಳು ಮಗಳೇ," ಎಂದ ದೇವರು.

ಒಂದೇ ಪ್ರಶ್ನೆ. ಕೆಂಡಕ್ಕೆ ತಿಯೆನ್‌ನ ಸಾಕ್ಷಿ ಬೇಕು, ಅವನು ಹಿಂದಿರುಗಿಸದ ಅಮ್ಮನ ಬಟ್ಟಲಿಗೆ ಬೇಡ. ಹುಯಿ ತಿಯೆನ್‌ನ ಮುಖದಿಂದ ಕಣ್ಣು ಕೀಳದೆ, ಬೂದಿಯನ್ನು ನಾಲಿಗೆಗಿಟ್ಟಳು.

'ಯಾರು' ಎಂದು ಅವಳು ಕೇಳಲಿಲ್ಲ; 'ಎಲ್ಲಿ' ಎಂದು ಕೇಳಿದಳು.